ಸಿಡ್ನಿಯಲ್ಲಿ ಒಂದು ನಿಧಾನದ ದಿನ: ಬಿಸಿಲು ನೋಡಿಕೊಂಡು ಬಂದರನ್ನು ಸುತ್ತುವುದು ಹೇಗೆ

ಸಿಡ್ನಿಯಲ್ಲಿ ಒಂದೇ ದಿನ ಸಿಕ್ಕರೆ ಏನೇನು ನೋಡಬೇಕು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಪಟ್ಟಿಯಲ್ಲಿ ಅರ್ಧ ಹೊಡೆದುಹಾಕಿ. ಬೊಂಡೈ ಬೀಚ್, ಟರೊಂಗಾ ಮೃಗಾಲಯ, ಡಾರ್ಲಿಂಗ್ ಹಾರ್ಬರ್ ಎಲ್ಲಾ ಚೆನ್ನಾಗಿಯೇ ಇವೆ. ಆದರೆ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಬಸ್ಸು, ರೈಲು, ಕ್ಯೂ ಇವುಗಳಲ್ಲೇ ಹೊತ್ತು ಮುಳುಗುತ್ತದೆ. ಈ ಊರಿನ ಸೊಗಸೆಲ್ಲ ಇರುವುದು ಬಂದರಿನ ನೀರಿನ ಸುತ್ತ. ಅದನ್ನು ಮನಸಾರೆ ನೋಡಲು ಒಂದು ತೋಟ, ಒಂದು ಫೆರ್ರಿ, ಒಂದು ಸೇತುವೆ ಸಾಕು.

ಈ ಮೂರನ್ನು ಯಾವ ಹೊತ್ತಿಗೆ ನೋಡಬೇಕು ಅನ್ನುವುದನ್ನು ಬಿಸಿಲಿಗೆ ಬಿಟ್ಟುಬಿಡಿ. ಸಿಡ್ನಿ ಇರುವುದು ಸಮಭಾಜಕ ವೃತ್ತದಿಂದ ದಕ್ಷಿಣಕ್ಕೆ ಸುಮಾರು 34 ಡಿಗ್ರಿಯಲ್ಲಿ. ಹಾಗಾಗಿ ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ಉತ್ತರದ ಕಡೆಗೇ ಇರುತ್ತಾನೆ. ನೆರಳು ಬೀಳುವುದು ಕಟ್ಟಡಗಳ ದಕ್ಷಿಣಕ್ಕೆ. ಭಾರತದಿಂದ ಬಂದವರಿಗೆ ಇದು ತಕ್ಷಣ ಹೊಳೆಯುವುದಿಲ್ಲ. ನಗರದ ಮುಖ್ಯ ಭಾಗ ಬಂದರಿನ ದಕ್ಷಿಣ ದಡದಲ್ಲಿದೆ. ಮಧ್ಯಾಹ್ನ ಅಲ್ಲಿ ನಿಂತು ನೀರಿನ ಕಡೆ ನೋಡಿದರೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಫೋಟೊಗಳಲ್ಲಿ ಮುಖ ಕಪ್ಪಾಗುತ್ತದೆ. ಅದಕ್ಕೇ ಈ ಕ್ರಮ: ಬೆಳಿಗ್ಗೆ ತೋಟ, ಮಧ್ಯಾಹ್ನ ನೀರಿನ ಮೇಲೆ, ಸಂಜೆಗೆ ಸೇತುವೆ ದಾಟಿ ಉತ್ತರದ ದಡ.

ಹಿಂದಿನ ರಾತ್ರಿಯೇ ಮಾಡಿಕೊಳ್ಳುವ ಕೆಲಸ

ದಿನ ಆರಿಸಿಕೊಳ್ಳುವ ಅವಕಾಶ ಇದ್ದರೆ ಶುಕ್ರವಾರ, ಶನಿವಾರ ಅಥವಾ ಭಾನುವಾರ ಹೊರಡಿ. ಸಿಡ್ನಿಯ ರೈಲು, ಬಸ್ಸು, ಫೆರ್ರಿ, ಲೈಟ್ ರೈಲು ಎಲ್ಲಕ್ಕೂ ಓಪಲ್ ಅನ್ನುವ ಒಂದೇ ಟಿಕೆಟ್ ವ್ಯವಸ್ಥೆ. ಒಂದು ದಿನದಲ್ಲಿ ಎಷ್ಟೇ ಓಡಾಡಿದರೂ ಇಷ್ಟಕ್ಕಿಂತ ಜಾಸ್ತಿ ಹಣ ಕಡಿತವಾಗದು ಅನ್ನುವ ಮಿತಿ ಅದರಲ್ಲಿದೆ. 2025ರ ದರದಲ್ಲಿ ದೊಡ್ಡವರಿಗೆ ಸೋಮವಾರದಿಂದ ಗುರುವಾರದವರೆಗೆ ಈ ಮಿತಿ 20 ಆಸ್ಟ್ರೇಲಿಯನ್ ಡಾಲರ್ ಒಳಗೆ ಇತ್ತು. ಶುಕ್ರವಾರದಿಂದ ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಅದರ ಅರ್ಧ. ಅಂದರೆ ಆ ದರದಲ್ಲಿ ಹತ್ತು ಡಾಲರ್ ಒಳಗೆ ಇಡೀ ದಿನ ಬಂದರು ಸುತ್ತಬಹುದಿತ್ತು. ದರಗಳು ಆಗಾಗ ಪರಿಷ್ಕರಣೆ ಆಗುತ್ತವೆ, ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ.

ಓಪಲ್ ಕಾರ್ಡನ್ನೇ ಕೊಳ್ಳಬೇಕೆಂದೇನಿಲ್ಲ. ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡ್ ಅಥವಾ ಫೋನ್ ಇದ್ದರೂ ದೊಡ್ಡವರಿಗೆ ಅದೇ ದರ, ಅದೇ ಮಿತಿ. ಭಾರತದ ಕಾರ್ಡ್ ಆದರೆ ಅಂತರರಾಷ್ಟ್ರೀಯ ಬಳಕೆಯನ್ನು ಮೊದಲೇ ಆನ್ ಮಾಡಿಟ್ಟುಕೊಳ್ಳಿ. ಬ್ಯಾಂಕಿನವರು ಕರೆನ್ಸಿ ಬದಲಾವಣೆಗೆ ಸ್ವಲ್ಪ ಶುಲ್ಕ ಹಾಕಬಹುದು. ಇಲ್ಲಿ ಮೂರು ವಿಷಯ ಮರೆಯಬಾರದು. ಒಂದು, ತಲೆಗೊಂದು ಕಾರ್ಡ್ ಬೇಕು. ಒಂದೇ ಕಾರ್ಡಿನಲ್ಲಿ ಗಂಡ ಹೆಂಡತಿ ಇಬ್ಬರೂ ಹೋಗುವಂತಿಲ್ಲ. ಎರಡು, ಹತ್ತುವಾಗಲೂ ಇಳಿದಾಗಲೂ ಅದೇ ಕಾರ್ಡನ್ನೇ ಟ್ಯಾಪ್ ಮಾಡಬೇಕು. ಹತ್ತುವಾಗ ಫೋನು, ಇಳಿದಾಗ ಕಾರ್ಡು ಅಂತ ಮಾಡಿದರೆ ಎರಡರಿಂದಲೂ ಹಣ ಹೋಗುತ್ತದೆ. ಮೂರು, 4ರಿಂದ 15 ವರ್ಷದ ಮಕ್ಕಳಿಗೆ ಮಕ್ಕಳ ಓಪಲ್ ಕಾರ್ಡನ್ನೇ ಕೊಳ್ಳಿ. ಅವರಿಗೂ ಬ್ಯಾಂಕ್ ಕಾರ್ಡ್ ಟ್ಯಾಪ್ ಮಾಡಿದರೆ ದೊಡ್ಡವರ ದರವೇ ಬೀಳುತ್ತದೆ. ನಾಲ್ಕು ವರ್ಷದೊಳಗಿನವರಿಗೆ ಉಚಿತ.

ಇನ್ನು ಬಿಸಿಲಿನ ಮಾತು. ಇದನ್ನು ಸ್ವಲ್ಪ ಒತ್ತಿ ಹೇಳಬೇಕು. "ನಾವು ಬಿಸಿಲಿನ ದೇಶದವರು, ನಮಗೇನು" ಅಂತ ಸನ್‌ಸ್ಕ್ರೀನ್ ಬಿಟ್ಟು ಬರುವವರು ಬಹಳ. ಸಿಡ್ನಿಯಲ್ಲಿ ಸೆಕೆ ಬೇರೆ, ಸುಡುವ ಕಿರಣ ಬೇರೆ. ಹವೆ 22 ಡಿಗ್ರಿ ಇದ್ದು ತಣ್ಣನೆ ಗಾಳಿ ಬೀಸುತ್ತಿದ್ದರೂ ನೇರಳಾತೀತ ಕಿರಣದ ಪ್ರಮಾಣ ಜೋರಾಗಿಯೇ ಇರಬಹುದು. ಈ ಪ್ರಮಾಣವನ್ನು ಯುವಿ ಸೂಚ್ಯಂಕ ಅನ್ನುತ್ತಾರೆ. ಅದು 3 ಮುಟ್ಟಿದರೆ ರಕ್ಷಣೆ ಬೇಕು ಅನ್ನುವುದು ಅಲ್ಲಿನ ಆರೋಗ್ಯ ಸಲಹೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ 11ನ್ನೂ ದಾಟುತ್ತದೆ. ಮೋಡ ಇದ್ದರೂ ಪೂರ್ತಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ನೀರು ಮತ್ತು ಮರಳಿನಿಂದ ಪ್ರತಿಫಲಿಸಿ ಕೆಳಗಿನಿಂದಲೂ ತಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಚರ್ಮದ ಕ್ಯಾನ್ಸರ್ ಎಷ್ಟು ದೊಡ್ಡ ಸಮಸ್ಯೆ ಅಂದರೆ ಅಂಗಿ ತೊಡಿ, ಸನ್‌ಸ್ಕ್ರೀನ್ ಹಚ್ಚು, ಟೋಪಿ ಹಾಕು ಅಂತ ಜನರಿಗೆ ಹೇಳುವ ಪ್ರಚಾರ 1981ರಲ್ಲೇ ಶುರುವಾಯಿತು. ಅಲ್ಲಿನ ಹವಾಮಾನ ಇಲಾಖೆ ಪ್ರತಿದಿನ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ರಕ್ಷಣೆ ಬೇಕು ಅಂತಲೇ ಪ್ರಕಟಿಸುತ್ತದೆ.

ಎಸ್‌ಪಿಎಫ್ 50 ಇರುವ ಸನ್‌ಸ್ಕ್ರೀನ್ ಯಾವ ಸೂಪರ್ ಮಾರ್ಕೆಟ್‌ನಲ್ಲೂ ಸಿಗುತ್ತದೆ. ಹೊರಡುವ 20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಿವಿ, ಕತ್ತಿನ ಹಿಂಭಾಗ, ಚಪ್ಪಲಿ ಹಾಕಿದ್ದರೆ ಪಾದದ ಮೇಲ್ಭಾಗ, ಈ ಮೂರು ಜಾಗ ಎಲ್ಲರಿಗೂ ಮರೆತುಹೋಗುತ್ತದೆ. ಸುತ್ತಲೂ ಅಂಚಿರುವ ಟೋಪಿ, ನೀರಿನ ಬಾಟಲಿ, ಒಂದು ತೆಳು ಜಾಕೆಟ್ ಬ್ಯಾಗಿಗೆ ಹಾಕಿಕೊಳ್ಳಿ. ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ನೀರಿಗೆ ದುಡ್ಡು ಸುರಿಯಬೇಡಿ. ಜಾಕೆಟ್ ಯಾಕೆ ಅಂದರೆ ಫೆರ್ರಿಯ ಹೊರಗಡೆ ಕೂತಾಗ ಬೇಸಿಗೆಯಲ್ಲೂ ಗಾಳಿಗೆ ಚಳಿಯಾಗುತ್ತದೆ.

ಬೆಳಿಗ್ಗೆ: ತೋಟದ ತುದಿಯಲ್ಲಿರುವ ಕಲ್ಲಿನ ಕುರ್ಚಿ

ಬಹುತೇಕರು ಸರ್ಕ್ಯುಲರ್ ಕೀ ನಿಲ್ದಾಣದಲ್ಲಿ ಇಳಿದು ಒಪೆರಾ ಹೌಸ್ ಮುಂದೆ ಹೋಗಿ ನಿಲ್ಲುತ್ತಾರೆ. ನೀವು ಹಾಗೆ ಮಾಡಬೇಡಿ. ಸೇಂಟ್ ಜೇಮ್ಸ್ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಆರ್ಟ್ ಗ್ಯಾಲರಿ ಹಾದು ಮಿಸೆಸ್ ಮಕ್ವಾರೀಸ್ ಪಾಯಿಂಟ್ ಕಡೆಗೆ ನಡೆಯಿರಿ. ಆರಾಮಾಗಿ ನಡೆದರೆ ಅರ್ಧ ಗಂಟೆ. ಎಂಟರಿಂದ ಒಂಬತ್ತರೊಳಗೆ ಅಲ್ಲಿ ತಲುಪಿದರೆ ಒಳ್ಳೆಯದು.

ನೀರಿನೊಳಕ್ಕೆ ಚಾಚಿಕೊಂಡ ಈ ಭೂಭಾಗದ ತುದಿಯಲ್ಲಿ ಮರಳುಗಲ್ಲಿನಲ್ಲಿ ಕೆತ್ತಿದ ಒಂದು ಬೆಂಚು ಇದೆ. 1810ರಲ್ಲಿ ಇಲ್ಲಿನ ಬ್ರಿಟಿಷ್ ವಸಾಹತಿನ ಗವರ್ನರ್ ಆಗಿದ್ದ ಲ್ಯಾಕ್ಲನ್ ಮಕ್ವಾರಿಯ ಹೆಂಡತಿ ಎಲಿಜಬೆತ್‌ಗಾಗಿ ಕೈದಿಗಳು ಬಂಡೆಯಲ್ಲೇ ಕೊರೆದದ್ದು. ಆಕೆ ಇಲ್ಲಿ ಕೂತು ಬಂದರಿನ ಕಡೆ ನೋಡುತ್ತಿದ್ದರಂತೆ. ಕುರ್ಚಿಯ ಬಳಿಯಿಂದ ಪಶ್ಚಿಮಕ್ಕೆ ತಿರುಗಿದರೆ ಒಪೆರಾ ಹೌಸ್ ಮತ್ತು ಅದರ ಹಿಂದೆ ಹಾರ್ಬರ್ ಬ್ರಿಜ್ ಒಟ್ಟಿಗೆ ಕಾಣುತ್ತವೆ. ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಎರಡರ ಮೇಲೂ ಬೆಳಕು ನೇರವಾಗಿ ಬೀಳುತ್ತದೆ. ಫೋಟೊ ತೆಗೆಯುವ ಕೆಲಸವನ್ನೆಲ್ಲಾ ಇಲ್ಲೇ ಮುಗಿಸಿ ಫೋನನ್ನು ಜೇಬಿಗೆ ಹಾಕಿಕೊಂಡರೆ ಉಳಿದ ದಿನ ಕಣ್ಣಿನಿಂದ ನೋಡಬಹುದು.

ಆಮೇಲೆ ಫಾರ್ಮ್ ಕೋವ್ ಅನ್ನುವ ಸಣ್ಣ ಕೊಲ್ಲಿಯ ಅಂಚಿನಲ್ಲಿ, ಕಲ್ಲಿನ ತಡೆಗೋಡೆ ಪಕ್ಕದಲ್ಲೇ, ಒಪೆರಾ ಹೌಸ್ ಕಡೆಗೆ ನಡೆಯಿರಿ. ಇದು ರಾಯಲ್ ಬೊಟಾನಿಕ್ ಗಾರ್ಡನ್. 1816ರಿಂದ ಇರುವ ತೋಟ, ಪ್ರವೇಶಕ್ಕೆ ದುಡ್ಡಿಲ್ಲ. ಈ ನೆಲ ಇಲ್ಲಿನ ಮೂಲನಿವಾಸಿಗಳಾದ ಗಡಿಗಲ್ ಜನರದ್ದು. 1788ರಲ್ಲಿ ಇಂಗ್ಲೆಂಡಿನಿಂದ ಕೈದಿಗಳನ್ನು ಹೊತ್ತ ಹಡಗುಗಳು ಪಕ್ಕದ ಕೊಲ್ಲಿಗೆ ಬಂದಾಗ, ವಲಸೆ ಬಂದವರು ಮೊದಲ ಬೇಸಾಯಕ್ಕೆ ಕೈ ಹಾಕಿದ್ದು ಇಲ್ಲೇ. ಆ ಬೆಳೆ ಚೆನ್ನಾಗಿ ಬರಲಿಲ್ಲ. ಕೊಲ್ಲಿಯ ಹೆಸರು ಮಾತ್ರ ಉಳಿಯಿತು.

ತೋಟದಲ್ಲಿ "ದಯವಿಟ್ಟು ಹುಲ್ಲಿನ ಮೇಲೆ ನಡೆಯಿರಿ" ಅಂತ ಬರೆದ ಬೋರ್ಡುಗಳಿವೆ. ಅದನ್ನು ನಂಬಿ, ಚಪ್ಪಲಿ ಬಿಚ್ಚಿ ನಡೆಯಿರಿ. ಹಳದಿ ಜುಟ್ಟಿನ ಬಿಳಿ ಕಾಕಟೂಗಳು ಗುಂಪಾಗಿ ನೆಲ ಕೆದಕುತ್ತಿರುತ್ತವೆ. ಅವಕ್ಕೆ ತಿಂಡಿ ಹಾಕಬೇಡಿ, ಕೊಕ್ಕು ಬಲವಾದದ್ದು. ಸಮಯ ಇದ್ದರೆ ವೊಲೆಮಿ ಪೈನ್ ಮರ ಎಲ್ಲಿದೆ ಅಂತ ಕೇಳಿ ನೋಡಿಬನ್ನಿ. ಪಳೆಯುಳಿಕೆಗಳಿಂದಷ್ಟೇ ತಿಳಿದಿದ್ದ ಮರಗಳ ಬಳಗಕ್ಕೆ ಸೇರಿದ ಇದು, 1994ರಲ್ಲಿ ಸಿಡ್ನಿಯ ವಾಯವ್ಯಕ್ಕಿರುವ ಕಣಿವೆಯೊಂದರಲ್ಲಿ ಜೀವಂತವಾಗಿ ಸಿಕ್ಕಿತು.

ಒಪೆರಾ ಹೌಸ್: ಹತ್ತಿರ ಹೋಗಿ ಕತ್ತೆತ್ತಿ ನೋಡಿ

ಒಪೆರಾ ಹೌಸ್ ದೂರದಿಂದ ಅಚ್ಚ ಬಿಳಿ ಕಾಣುತ್ತದೆ. ಮೆಟ್ಟಿಲು ಹತ್ತಿ, ಛಾವಣಿಯ ಚಿಪ್ಪುಗಳು ನೆಲಕ್ಕೆ ಇಳಿಯುವ ಜಾಗದ ಹತ್ತಿರ ಹೋಗಿ ನಿಂತುಕೊಳ್ಳಿ. ಆಗ ಗೊತ್ತಾಗುತ್ತದೆ, ಅಲ್ಲಿ ಎರಡು ಬಣ್ಣ ಇದೆ. ಮಿರುಗುವ ಬಿಳಿ ಟೈಲ್ಸ್, ಅವುಗಳ ಅಂಚಿಗೆ ಮಿರುಗದ ಕೆನೆ ಬಣ್ಣದ ಟೈಲ್ಸ್. ಎರಡೂ ಸೇರಿ ಬಾಣದ ತುದಿಯಂಥ ಪಟ್ಟೆಗಳಾಗಿ ಮೇಲಕ್ಕೆ ಹೋಗುತ್ತವೆ. ಎಲ್ಲವೂ ಮಿರುಗುವ ಟೈಲ್ಸ್ ಆಗಿದ್ದರೆ ಈ ಬಿಸಿಲಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ. ಎಲ್ಲವೂ ಮಂಕಾಗಿದ್ದರೆ ಕಟ್ಟಡಕ್ಕೆ ಕಳೆ ಇರುತ್ತಿರಲಿಲ್ಲ. ಒಟ್ಟು ಹತ್ತು ಲಕ್ಷಕ್ಕೂ ಮಿಕ್ಕಿ ಟೈಲ್ಸ್, ಸ್ವೀಡನ್‌ನಲ್ಲಿ ತಯಾರಾದವು. ಮೋಡವೊಂದು ಹಾದುಹೋಗುವಾಗ ಇವು ಬಣ್ಣ ಬದಲಿಸುವುದನ್ನು ನೋಡಲು ಐದು ನಿಮಿಷ ನಿಂತರೂ ಸಾಕು.

ಇದರ ವಿನ್ಯಾಸ ಮಾಡಿದವರು ಡೆನ್ಮಾರ್ಕಿನ ಯೋರ್ನ್ ಉಟ್ಸೋನ್. 1957ರಲ್ಲಿ ಸ್ಪರ್ಧೆಯಲ್ಲಿ ಗೆದ್ದರು, 1959ರಲ್ಲಿ ಕೆಲಸ ಶುರುವಾಯಿತು. ಆ ವಕ್ರವಾದ ಚಿಪ್ಪುಗಳನ್ನು ಕಟ್ಟುವುದು ಹೇಗೆ ಅನ್ನುವುದೇ ವರ್ಷಗಟ್ಟಲೆ ಬಗೆಹರಿಯಲಿಲ್ಲ. ಕೊನೆಗೆ ಎಲ್ಲಾ ಚಿಪ್ಪುಗಳನ್ನೂ ಒಂದೇ ಗೋಳದಿಂದ ಕತ್ತರಿಸಿದ ತುಂಡುಗಳಂತೆ ರೂಪಿಸಿದರು. ಹಾಗಾಗಿ ಒಂದೇ ರೀತಿಯ ಅಚ್ಚುಗಳನ್ನು ಮತ್ತೆ ಮತ್ತೆ ಬಳಸಲು ಸಾಧ್ಯವಾಯಿತು. ಆದರೆ ಖರ್ಚಿನ ಬಗ್ಗೆ ಸರ್ಕಾರದ ಜೊತೆ ಜಗಳವಾಗಿ 1966ರಲ್ಲಿ ಅವರು ಕೆಲಸ ಬಿಟ್ಟು ಹೊರಟರು. 70 ಲಕ್ಷ ಡಾಲರ್ ಅಂದಾಜಿನ ಕಟ್ಟಡ 10.2 ಕೋಟಿ ಡಾಲರ್‌ಗೆ ಮುಗಿದು 1973ರ ಅಕ್ಟೋಬರ್ 20ರಂದು ಉದ್ಘಾಟನೆಯಾಯಿತು. 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಉಟ್ಸೋನ್ 2008ರಲ್ಲಿ ತೀರಿಕೊಂಡರು. ಪೂರ್ತಿಯಾದ ಕಟ್ಟಡವನ್ನು ಅವರು ಒಮ್ಮೆಯೂ ಕಣ್ಣಾರೆ ನೋಡಲೇ ಇಲ್ಲ. ಆ ಟೈಲ್ಸ್ ಮೇಲೆ ಕೈಯಿಟ್ಟಾಗ ಈ ಮಾತು ನೆನಪಾದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಹೊರಗಡೆ ಸುತ್ತಾಡಲು ದುಡ್ಡಿಲ್ಲ. ಒಳಗಿನ ಸಭಾಂಗಣಗಳನ್ನು ತೋರಿಸುವ ಟೂರ್‌ಗೆ ಟಿಕೆಟ್ ಇದೆ, ಸುಮಾರು ಒಂದು ಗಂಟೆ ಹಿಡಿಯುತ್ತದೆ. ಕಟ್ಟಡಗಳ ಬಗ್ಗೆ ನಿಜವಾದ ಆಸಕ್ತಿ ಇದ್ದರೆ ಮಾಡಿ. ಇಲ್ಲದಿದ್ದರೆ ಇರುವ ಒಂದು ದಿನದಲ್ಲಿ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹನ್ನೊಂದರ ಹೊತ್ತಿಗೆ: ಮ್ಯಾನ್ಲಿ ಫೆರ್ರಿ

ಒಪೆರಾ ಹೌಸ್‌ನಿಂದ ಸರ್ಕ್ಯುಲರ್ ಕೀ ಐದಾರು ನಿಮಿಷದ ನಡಿಗೆ. ಕಾಫಿ ಕುಡಿದು, ಶೌಚಾಲಯಕ್ಕೆ ಹೋಗಿ, ಸನ್‌ಸ್ಕ್ರೀನ್ ಮತ್ತೊಮ್ಮೆ ಹಚ್ಚಿಕೊಂಡು 3ನೇ ವಾರ್ಫ್ (ದೋಣಿಕಟ್ಟೆ) ಕಡೆಗೆ ನಡೆಯಿರಿ. ಎಫ್1 ಅಂತ ಬರೆದಿರುವುದು ಮ್ಯಾನ್ಲಿ ಅನ್ನುವ ಕಡಲತೀರದ ಜಾಗಕ್ಕೆ ಹೋಗುವ ಸರ್ಕಾರಿ ಸಾರಿಗೆಯ ಫೆರ್ರಿ. ಪಕ್ಕದಲ್ಲಿ ಇನ್ನೂ ಬೇಗ ತಲುಪಿಸುವ ಖಾಸಗಿ ದೋಣಿಯೂ ಇದೆ. ಅದರ ದರ ಬೇರೆ, ಓಪಲ್ ಮಿತಿಗೆ ಸೇರುವುದಿಲ್ಲ. ಇವತ್ತು ಬೇಗ ತಲುಪುವುದು ನಮಗೆ ಬೇಡವೂ ಬೇಡ, ಅಲ್ವಾ? ಎಫ್1 ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಆ ಅರ್ಧ ಗಂಟೆಯೇ ಇಡೀ ದಿನದ ಹೂರಣ. ಇದೇ ನೀರಿನ ಮೇಲೆ ಇದಕ್ಕಿಂತ ಬಹಳ ಜಾಸ್ತಿ ದುಡ್ಡು ತೆಗೆದುಕೊಂಡು ಸುತ್ತಿಸುವ ಪ್ರವಾಸಿ ದೋಣಿಗಳಿವೆ. ಅವು ತೋರಿಸುವ ಮುಖ್ಯ ನೋಟಗಳೆಲ್ಲ ಇದರಲ್ಲೇ ಸಿಗುತ್ತವೆ.

ಎಲ್ಲಿ ಕೂರಬೇಕು? ಹೋಗುವಾಗ ಬಲಗಡೆ, ಹೊರಗಿನ ಬೆಂಚಿನಲ್ಲಿ. ದೋಣಿ ಹೊರಟ ಕೂಡಲೇ ಒಪೆರಾ ಹೌಸ್ ಬಲಕ್ಕೆ ತೀರಾ ಹತ್ತಿರದಲ್ಲಿ ಹಾಯುತ್ತದೆ. ಬೇಸಿಗೆಯ ನೆತ್ತಿ ಬಿಸಿಲಿನ ದಿನಗಳನ್ನು ಬಿಟ್ಟರೆ ನೆರಳು ಸಿಗುವುದೂ ಆ ಬದಿಗೇ ಜಾಸ್ತಿ. ಸೂರ್ಯ ಉತ್ತರದಲ್ಲಿ ಇರುತ್ತಾನಲ್ಲ, ಅದಕ್ಕೆ. ಬರುವಾಗ ಎಡಗಡೆ ಕೂತುಕೊಳ್ಳಿ.

ಹೊರಟ ಸ್ವಲ್ಪ ಹೊತ್ತಿಗೆ ನೀರಿನ ನಡುವೆ ಗುಂಡು ಗೋಪುರದ ಒಂದು ಪುಟ್ಟ ಕೋಟೆ ಕಾಣುತ್ತದೆ. ಅದು ಫೋರ್ಟ್ ಡೆನಿಸನ್. ಮೊದಲ ವರ್ಷಗಳಲ್ಲಿ ತಪ್ಪು ಮಾಡಿದ ಕೈದಿಗಳನ್ನು ಆ ಬಂಡೆಯ ಮೇಲೆ ಬರೀ ಬ್ರೆಡ್ಡು ನೀರು ಕೊಟ್ಟು ಬಿಡುತ್ತಿದ್ದರು. ಪರದೇಶದ ಹಡಗುಗಳು ದಾಳಿ ಮಾಡಬಹುದು ಅನ್ನುವ ಭಯದಲ್ಲಿ ಅದನ್ನು ಕೋಟೆ ಮಾಡಿ 1857ರಲ್ಲಿ ಮುಗಿಸಿದರು. ಮುಂದೆ ಎಡದಡದಲ್ಲಿ ಮೃಗಾಲಯದ ಗುಡ್ಡ. ಆಮೇಲೆ ಎರಡು ದೊಡ್ಡ ಬಂಡೆಗೋಡೆಗಳ ನಡುವೆ ಬಯಲು ಸಮುದ್ರ ಕಾಣಿಸುತ್ತದೆ. ಬಂದರಿನ ಬಾಗಿಲು ಅದು. ಒಂದು ಕಡೆ ನಾರ್ತ್ ಹೆಡ್, ಇನ್ನೊಂದು ಕಡೆ ಸೌತ್ ಹೆಡ್. ಅಷ್ಟು ಹೊತ್ತು ತಣ್ಣಗೆ ಸಾಗುತ್ತಿದ್ದ ದೋಣಿ ಇಲ್ಲಿ ಪೆಸಿಫಿಕ್ ಸಾಗರದ ಅಲೆಗೆ ಏಳುತ್ತಾ ಇಳಿಯುತ್ತಾ ಹೋಗುತ್ತದೆ. ಕೆಲವೇ ನಿಮಿಷ. ತಲೆ ಸುತ್ತುವವರು ಕೆಳಗಿನ ಮಹಡಿಯ ಮಧ್ಯದಲ್ಲಿ ಕೂತು ದೂರದ ದಿಗಂತದ ಮೇಲೆ ಕಣ್ಣು ನೆಟ್ಟರೆ ಏನೂ ಆಗುವುದಿಲ್ಲ. ಮೇನಿಂದ ನವೆಂಬರ್‌ವರೆಗೆ ಈ ಬಾಗಿಲಿನ ಆಚೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಓಡಾಡುತ್ತವೆ, ಆ ತಿಂಗಳುಗಳಲ್ಲಿ ಬಂದವರು ಕಣ್ಣು ತೆರೆದಿರಲಿ.

ಮಧ್ಯಾಹ್ನ: ಮ್ಯಾನ್ಲಿಯಲ್ಲಿ ನೆರಳು ಹುಡುಕಿಕೊಂಡು

ಮ್ಯಾನ್ಲಿ ಒಂದು ಕಡೆ ಬಂದರು, ಇನ್ನೊಂದು ಕಡೆ ಸಾಗರ ಇರುವ ಸಣ್ಣ ಪಟ್ಟಿ. ಇಳಿದ ಜಾಗದಿಂದ ಕೋರ್ಸೊ ಅನ್ನುವ ವಾಹನವಿಲ್ಲದ ಬೀದಿಯಲ್ಲಿ ಐದು ಹತ್ತು ನಿಮಿಷ ನಡೆದರೆ ಸಾಗರದ ಬೀಚು. ಬೀಚಿನ ಉದ್ದಕ್ಕೂ ಎತ್ತರದ ನಾರ್ಫಕ್ ಪೈನ್ ಮರಗಳ ಸಾಲಿದೆ.

ಹನ್ನೆರಡರಿಂದ ಎರಡೂವರೆವರೆಗೆ ಮರಳಿನ ಮೇಲೆ ಮಲಗುವ ಹೊತ್ತಲ್ಲ. ಊಟ ಮಾಡುವ ಹೊತ್ತು. ಕೋರ್ಸೊದಲ್ಲಿ ಬೇಕಾದಷ್ಟು ಹೋಟೆಲುಗಳಿವೆ. ಸಸ್ಯಾಹಾರಿಗಳಿಗೆ ಎರಡು ಮಾತು: ಮೀನಿನ ಅಂಗಡಿಗಳಲ್ಲಿ ಆಲೂ ಚಿಪ್ಸನ್ನು ಮೀನು ಕರಿದ ಎಣ್ಣೆಯಲ್ಲೇ ಕರಿಯುವುದು ಮಾಮೂಲಿ, ಕೇಳಿ ತೆಗೆದುಕೊಳ್ಳಿ. ಮೆನುವಿನಲ್ಲಿ ಸಸ್ಯಾಹಾರ ಅಂತ ಗುರುತು ಹಾಕಿದ್ದರೂ ಮೊಟ್ಟೆ ಇರಬಹುದು. ಮೊಟ್ಟೆಯೂ ಬೇಡ ಅನ್ನುವವರು ವೀಗನ್ ಅಂತ ಕೇಳುವುದೇ ಸುಲಭ. ಭಾನುವಾರ ಮತ್ತು ರಜಾದಿನಗಳಲ್ಲಿ ಬಹಳ ಹೋಟೆಲುಗಳು ಬಿಲ್ಲಿನ ಮೇಲೆ ಶೇಕಡಾ 10 ಅಥವಾ 15 ಹೆಚ್ಚುವರಿ ಹಾಕುತ್ತವೆ. ಟಿಪ್ಸ್ ಕೊಡಲೇಬೇಕು ಅನ್ನುವ ಪದ್ಧತಿ ಇಲ್ಲ. ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದಿದ್ದರೆ ಇನ್ನೂ ಚೆನ್ನ, ಪೈನ್ ಮರದ ನೆರಳಿನ ಬೆಂಚಿನಲ್ಲಿ ಕೂತು ತಿನ್ನಿ. ಆದರೆ ಸೀಗಲ್ ಹಕ್ಕಿಗಳ ಮೇಲೆ ಒಂದು ಕಣ್ಣಿರಲಿ. ಒಂದು ಚೂರು ಹಾಕಿದರೆ ಇಪ್ಪತ್ತು ಬರುತ್ತವೆ, ಕೈಯಲ್ಲಿದ್ದುದನ್ನೇ ಹಾರಿಸಿಕೊಂಡು ಹೋಗುತ್ತವೆ.

ನೀರಿಗೆ ಇಳಿಯುವವರು ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಬೀಚಿನಲ್ಲಿ ಕೆಂಪು ಹಳದಿ ಬಾವುಟ ಎರಡು ನೆಟ್ಟಿರುತ್ತಾರೆ. ಆ ಎರಡರ ನಡುವೆ ಮಾತ್ರ ಇಳಿಯಬೇಕು. ಜೀವರಕ್ಷಕರು ಕಣ್ಣಿಟ್ಟಿರುವುದು ಅಲ್ಲಿ. ಹೊಸಬರು ಮಾಡುವ ತಪ್ಪು ಏನೆಂದರೆ ಅಲೆ ಒಡೆಯುವ ಜಾಗ ಅಪಾಯ, ಅಲೆ ಇಲ್ಲದ ಶಾಂತ ಜಾಗ ಕ್ಷೇಮ ಅಂದುಕೊಳ್ಳುವುದು. ಬಹಳ ಸಲ ಇದು ಉಲ್ಟಾ. ಎರಡೂ ಪಕ್ಕ ನೊರೆ ಎದ್ದು, ಮಧ್ಯದಲ್ಲಿ ಒಂದು ಪಟ್ಟಿ ಮಾತ್ರ ಗಾಢ ಬಣ್ಣದಲ್ಲಿ ಸಮತಟ್ಟಾಗಿ ಕಂಡರೆ ಅಲ್ಲಿ ನೀರು ಆಳ. ದಡಕ್ಕೆ ಬಂದ ನೀರೆಲ್ಲಾ ಆ ದಾರಿಯಲ್ಲಿ ವಾಪಸ್ ಸಮುದ್ರಕ್ಕೆ ಹರಿಯುತ್ತಿರುತ್ತದೆ. ಅದನ್ನು ರಿಪ್ ಅನ್ನುತ್ತಾರೆ. ಒಳ್ಳೆ ಈಜುಗಾರರನ್ನೂ ಎಳೆದುಕೊಂಡು ಹೋಗುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ಗುದ್ದಾಡಬೇಡಿ. ತೇಲುತ್ತಾ, ಒಂದು ಕೈ ಎತ್ತಿ ಸಹಾಯಕ್ಕೆ ಕರೆಯಿರಿ. ಮೊಣಕಾಲುದ್ದ ನೀರಿನಲ್ಲೂ ಹಿಂದಕ್ಕೆ ಹೋಗುವ ಅಲೆ ಕಾಲು ಕೀಳುತ್ತದೆ. ಸೀರೆ ಉಟ್ಟವರು, ಪುಟ್ಟ ಮಕ್ಕಳನ್ನು ಎತ್ತಿಕೊಂಡವರು ಅಂಚಿನಲ್ಲೇ ಇರಿ.

ಈಜು ಬಾರದವರಿಗೆ, ನನ್ನ ಪ್ರಕಾರ ಎಲ್ಲರಿಗೂ, ಶೆಲ್ಲಿ ಬೀಚ್ ಒಳ್ಳೆಯದು. ಮ್ಯಾನ್ಲಿ ಬೀಚಿನ ದಕ್ಷಿಣ ತುದಿಯಿಂದ ಸಮುದ್ರದ ಅಂಚಿನಲ್ಲೇ ಕಾಂಕ್ರೀಟ್ ದಾರಿ ಇದೆ, ಹದಿನೈದು ಇಪ್ಪತ್ತು ನಿಮಿಷ. ಏರಿಳಿತ ಕಡಿಮೆ, ವಯಸ್ಸಾದವರೂ ನಡೆಯಬಹುದು. ದಾರಿ ಪಕ್ಕದ ಬಂಡೆಗಳ ಮೇಲೆ ಬೆನ್ನಿಗೆ ಮುಳ್ಳಿನ ಸಾಲಿರುವ ದೊಡ್ಡ ಓತಿಗಳು ಬಿಸಿಲು ಕಾಯಿಸುತ್ತಾ ಮಲಗಿರುತ್ತವೆ. ವಾಟರ್ ಡ್ರ್ಯಾಗನ್ ಅಂತ ಹೆಸರು, ತಂಟೆಗೆ ಹೋಗದಿದ್ದರೆ ಅವೂ ಬರುವುದಿಲ್ಲ. ಈ ದಾರಿ ಬಳಸಿ ಹೋಗುವ ಕೊಲ್ಲಿಯಲ್ಲಿ ಮೀನು ಹಿಡಿಯುವುದು ಪೂರ್ತಿ ನಿಷೇಧ. ಹಾಗಾಗಿ ಮೇಲಿನಿಂದಲೇ ತಿಳಿನೀರಿನಲ್ಲಿ ಮೀನು ಕಾಣುತ್ತವೆ. ಶೆಲ್ಲಿ ಬೀಚ್ ಸಾಗರಕ್ಕೆ ಬೆನ್ನು ಹಾಕಿ ಪಶ್ಚಿಮಕ್ಕೆ ಮುಖ ಮಾಡಿದೆ. ಅದಕ್ಕೇ ಅಲ್ಲಿ ಅಲೆ ಕಡಿಮೆ.

ಮೂರೂವರೆ ನಾಲ್ಕಕ್ಕೆ ವಾಪಸ್ ಫೆರ್ರಿ. ಚಳಿಗಾಲವಾದರೆ ಎರಡೂವರೆಗೇ ಹೊರಡಿ. ಜೂನ್‌ನಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಡಿಸೆಂಬರ್ ಕೊನೆಯಲ್ಲಿ ಎಂಟರವರೆಗೂ ಬೆಳಕಿರುತ್ತದೆ.

ಸಂಜೆ: ಸೇತುವೆ ಮೇಲೆ ನಡೆದು ಆಚೆ ದಡಕ್ಕೆ

ಕಾಲಿಗೆ ಸಾಕಾಗಿದ್ದರೆ ಈ ಭಾಗ ಬಿಟ್ಟುಬಿಡಿ, ಬೇಸರ ಬೇಡ. ಶಕ್ತಿ ಇದ್ದವರು ಸರ್ಕ್ಯುಲರ್ ಕೀಯಿಂದ ದಿ ರಾಕ್ಸ್ ಅನ್ನುವ ಹಳೇ ಬಡಾವಣೆಯ ಬೀದಿಗಳ ಮೂಲಕ ಕಂಬರ್‌ಲ್ಯಾಂಡ್ ಸ್ಟ್ರೀಟ್‌ಗೆ ಹತ್ತಿ. ಈ ಹಳೇ ಕಲ್ಲಿನ ಮನೆಗಳನ್ನೆಲ್ಲ ಕೆಡವಿ ಎತ್ತರದ ಕಟ್ಟಡ ಕಟ್ಟುವ ಯೋಜನೆ 1970ರ ದಶಕದಲ್ಲಿತ್ತು. ಅಲ್ಲಿನ ನಿವಾಸಿಗಳ ಜೊತೆ ಜಾಕ್ ಮಂಡಿ ನಾಯಕತ್ವದ ಕಟ್ಟಡ ಕಾರ್ಮಿಕರ ಸಂಘವೇ ನಿಂತು, ಕೆಡವುವ ಕೆಲಸ ನಾವು ಮಾಡುವುದಿಲ್ಲ ಎಂದಿತು. ಇಂದು ನಾವು ನಡೆಯುವ ಬೀದಿ ಉಳಿದದ್ದು ಹಾಗೆ.

ಕಂಬರ್‌ಲ್ಯಾಂಡ್ ಸ್ಟ್ರೀಟ್‌ನಲ್ಲಿ ಸೇತುವೆಗೆ ಹತ್ತುವ ಮೆಟ್ಟಿಲಿದೆ. ಮೆಟ್ಟಿಲು ಆಗದವರಿಗೆ ಸೇತುವೆಯ ಎರಡೂ ತುದಿಯಲ್ಲಿ ಲಿಫ್ಟ್ ಇದೆ. ನಡೆಯುವವರ ದಾರಿ ಪೂರ್ವ ಬದಿಯಲ್ಲಿ, ಪೂರ್ತಿ ಉಚಿತ. ಸಂಜೆಯ ಬಿಸಿಲು ಹಿಂದಿನಿಂದ ಬರುತ್ತದೆ, ಕೆಳಗೆ ಒಪೆರಾ ಹೌಸ್ ಬೆಳಕಿನಲ್ಲಿರುತ್ತದೆ. ನೂರಾರು ಡಾಲರ್ ಕೊಟ್ಟು ಕಮಾನಿನ ತುದಿಗೆ ಹತ್ತುವ ವ್ಯವಸ್ಥೆಯೂ ಇದೆ. ಅದು ಬೇರೆಯದೇ ಅನುಭವ, ಆದರೆ ಅದಕ್ಕೆ ಅರ್ಧ ದಿನ ಪ್ರತ್ಯೇಕ ಇಡಬೇಕು.

1932ರ ಮಾರ್ಚ್ 19ರಂದು ತೆರೆದ ಈ ಸೇತುವೆಯ ಕಮಾನು ಒಂದು ಬುಡದಿಂದ ಇನ್ನೊಂದು ಬುಡಕ್ಕೆ 503 ಮೀಟರ್, ತುದಿ ನೀರಿನಿಂದ 134 ಮೀಟರ್ ಎತ್ತರ. ಸುಮಾರು 60 ಲಕ್ಷ ರಿವೆಟ್‌ಗಳನ್ನು, ಅಂದರೆ ಗುಂಡು ತಲೆಯ ಉಕ್ಕಿನ ಮೊಳೆಗಳನ್ನು, ಬಡಿದು ಜೋಡಿಸಿದ ಉಕ್ಕು. ನಡೆಯುತ್ತಾ ಕೈಗೆಟುಕುವ ಕಡೆ ಒಂದು ರಿವೆಟ್ ತಲೆ ಸವರಿ ನೋಡಿ, ಬಣ್ಣದ ಪದರಗಳ ಕೆಳಗೂ ಗುಂಡಗೆ ಸಿಗುತ್ತದೆ. ಎರಡೂ ತುದಿಯ ಕಲ್ಲಿನ ಗೋಪುರಗಳು ಭಾರ ಹೊತ್ತಿವೆ ಅಂತ ಅನ್ನಿಸುತ್ತದೆ. ಇಲ್ಲ, ಅವು ಬರೀ ಅಂದಕ್ಕೆ. ಭಾರವೆಲ್ಲ ಕಮಾನಿನ ಬುಡದಲ್ಲಿರುವ ನಾಲ್ಕು ದೊಡ್ಡ ಕೀಲುಗಳ ಮೇಲಿದೆ. ಉಕ್ಕು ಬಿಸಿಲಿಗೆ ಹಿಗ್ಗುತ್ತದಲ್ಲ, ಅದಕ್ಕೆ ಈ ಕೀಲು. ಬಿಸಿ ಮತ್ತು ತಣ್ಣನೆ ಹವೆಗೆ ತಕ್ಕಂತೆ ಕಮಾನಿನ ತುದಿ 18 ಸೆಂಟಿಮೀಟರ್‌ವರೆಗೆ ಏರಿಳಿಯುತ್ತದೆ.

ನಿಧಾನವಾಗಿ ದಾಟಲು ಅರ್ಧ ಗಂಟೆ ಇಟ್ಟುಕೊಳ್ಳಿ. ಇಳಿದರೆ ಮಿಲ್ಸನ್ಸ್ ಪಾಯಿಂಟ್. ಇನ್ನೂ ಹೊತ್ತಿದ್ದರೆ ಪಕ್ಕದ ಲ್ಯಾವೆಂಡರ್ ಬೇಗೆ ನಡೆದು ವೆಂಡಿಯ ತೋಟ ನೋಡಿ. ಚಿತ್ರಕಾರ ಬ್ರೆಟ್ ವೈಟ್‌ಲಿ 1992ರಲ್ಲಿ ತೀರಿಕೊಂಡ ಮೇಲೆ, ಅವರ ಹೆಂಡತಿಯಾಗಿದ್ದ ವೆಂಡಿ ವೈಟ್‌ಲಿ ಮನೆ ಕೆಳಗಿನ ರೈಲ್ವೆಯ ಪಾಳು ಜಾಗದಲ್ಲಿ ಕಸ ತೆಗೆದು ಗಿಡ ನೆಡಲು ಶುರುಮಾಡಿದರು. ಯಾರ ಅನುಮತಿಯನ್ನೂ ಕೇಳಿರಲಿಲ್ಲ. ದುಃಖ ಮರೆಯಲು ಹಿಡಿದ ಆ ಕೆಲಸ ಈಗ ಎಲ್ಲರಿಗೂ ತೆರೆದ ತೋಟ. ಒಳಗೆ ಮೆಟ್ಟಿಲು ಕಡಿದಾಗಿವೆ, ಮಂಡಿ ನೋವಿನವರು ಮೇಲಿನಿಂದಲೇ ನೋಡಿದರೆ ಸಾಕು.

ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ಸೇತುವೆಯ ಪೂರ್ವಕ್ಕಿರುವ ಜೆಫ್ರಿ ಸ್ಟ್ರೀಟ್ ತುದಿಗೆ ಬಂದು ಕೂತುಕೊಳ್ಳಿ. ಎದುರಿಗೇ ಒಪೆರಾ ಹೌಸ್, ಇಡೀ ನಗರ. ಈಗ ನೀವು ಉತ್ತರದ ದಡದಲ್ಲಿದ್ದೀರಿ, ಬಿಸಿಲು ಕಣ್ಣಿಗೆ ಬೀಳುವುದಿಲ್ಲ.

ವಾಪಸ್ ಬರಲು ಎರಡು ದಾರಿ. ಲೂನಾ ಪಾರ್ಕ್ ಅನ್ನುವ ಮನರಂಜನಾ ಪಾರ್ಕಿನ ಪಕ್ಕದ ವಾರ್ಫ್‌ನಿಂದ ಎಫ್4 ಫೆರ್ರಿ ಸೇತುವೆಯ ಕೆಳಗೇ ಹಾದು ಸರ್ಕ್ಯುಲರ್ ಕೀಗೆ ಬರುತ್ತದೆ. ದೀಪ ಹೊತ್ತಿದ ಮೇಲೆ ಇದರಲ್ಲಿ ಬರುವುದು ಚೆನ್ನ. ಫೆರ್ರಿಗೆ ಬಹಳ ಕಾಯಬೇಕಿದ್ದರೆ ಮಿಲ್ಸನ್ಸ್ ಪಾಯಿಂಟ್ ನಿಲ್ದಾಣದಿಂದ ರೈಲು ಹಿಡಿಯಿರಿ, ಸೇತುವೆ ದಾಟಿ ಕೆಲವೇ ನಿಮಿಷದಲ್ಲಿ ನಗರದ ವಿನ್‌ಯಾರ್ಡ್ ನಿಲ್ದಾಣ.

ಹವೆ ಕೈಕೊಟ್ಟರೆ

ಸಮುದ್ರ ತೀರಾ ಒರಟಾಗಿದ್ದ ದಿನ ಮ್ಯಾನ್ಲಿ ಫೆರ್ರಿಯನ್ನು ನಿಲ್ಲಿಸುತ್ತಾರೆ. ಬೆಳಿಗ್ಗೆಯೇ ಸಾರಿಗೆ ಆ್ಯಪ್ ನೋಡಿಕೊಳ್ಳಿ. ಅಂಥ ದಿನ ಬಂದರಿನ ಒಳಗಡೆಗೆ, ಕಾಕಟೂ ದ್ವೀಪಕ್ಕೆ ಹೋಗಿ. ಕೈದಿಗಳ ಜೈಲು, ಆಮೇಲೆ ಹಡಗು ಕಟ್ಟುವ ಕಾರ್ಖಾನೆ ಆಗಿದ್ದ ಜಾಗ. ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ಪ್ರವೇಶ ಉಚಿತ. ಮಳೆಯಾದರೆ ಬೆಳಗಿನ ದಾರಿಯಲ್ಲೇ ಸಿಗುವ ಆರ್ಟ್ ಗ್ಯಾಲರಿಯಲ್ಲಿ ಅರ್ಧ ದಿನ ಕಳೆಯಬಹುದು. ಅಲ್ಲಿನ ಸಂಗ್ರಹ ನೋಡಲೂ ದುಡ್ಡಿಲ್ಲ. ಬೇಸಿಗೆಯಲ್ಲಿ ಬಹಳ ಸೆಕೆಯಾದ ದಿನ ಸಂಜೆ ದಕ್ಷಿಣದಿಂದ ಜೋರು ಗಾಳಿ ನುಗ್ಗಿ ಕೆಲವೇ ನಿಮಿಷದಲ್ಲಿ ಹವೆ ಹತ್ತು ಡಿಗ್ರಿಗೂ ಜಾಸ್ತಿ ಇಳಿಯುವುದುಂಟು. ಸೇತುವೆ ಮೇಲೆ ಇದ್ದಾಗ ಆ ಗಾಳಿ ಬಂದರೆ ಟೋಪಿ ತೆಗೆದು ಬ್ಯಾಗಿಗೆ ಹಾಕಿ, ಜಾಕೆಟ್ ತೊಟ್ಟುಕೊಳ್ಳಿ.

ಎರಡನೇ ದಿನವೂ ಸಿಕ್ಕಿದರೆ ಎಫ್9 ಫೆರ್ರಿ ಹಿಡಿದು ವಾಟ್ಸನ್ಸ್ ಬೇಗೆ ಹೋಗಿ. ಅಲ್ಲಿಂದ ಸೌತ್ ಹೆಡ್ ತುದಿಯವರೆಗೆ ಹೋಗಿಬರಲು ಒಂದು ಗಂಟೆಯ ನಡಿಗೆ. 1858ರ ಕೆಂಪು ಬಿಳಿ ಪಟ್ಟೆಯ ಹಾರ್ನ್‌ಬಿ ದೀಪಸ್ತಂಭದ ಬಳಿ ನಿಂತರೆ, ಹಿಂದಿನ ದಿನ ದೋಣಿಯನ್ನು ಎತ್ತಿ ಇಳಿಸಿದ ಅಲೆಗಳು ಒಳಗೆ ಬರುವುದನ್ನು ಮೇಲಿನಿಂದ ನೋಡಬಹುದು. ಅಲ್ಲಿ ಮರದ ನೆರಳು ಕಡಿಮೆ, ಬೆಳಿಗ್ಗೆ ಹತ್ತರೊಳಗೆ ಹೋಗಿಬನ್ನಿ.